ತಲೆಯಡಿಯ ಹೆಂಟೆ

ಗಾಜಿಂಗನಿಗೆ ಕನಸು ಬೀಳುವ ಕಾಯಿಲೆ ಇತ್ತು. ಬೇರೆ ಕಡೆಯಾಗಿದ್ದರೆ ಬೆಳಗ್ಗೆ ಎದ್ದು ಮುಖ ತೊಳೆದರೆ ಮುಗಿದುಹೋಗುವ ವಿಷಯ. ಆದರೆ ಗಾರೋ ಬೆಟ್ಟಗಳ ಆ ಊರಿನಲ್ಲಿ ಕನಸೆಂದರೆ ಹೊಲ, ಹೊಲವೆಂದರೆ ಅನ್ನ, ಅನ್ನವೆಂದರೆ ಅತ್ತೆಯ ಮುಖ. ಮೂರು ವರ್ಷದಿಂದ ಅವನು ಆ ಮುಖ ನೆಟ್ಟಗಿದ್ದದ್ದನ್ನು ನೋಡಿರಲಿಲ್ಲ.

ಅಲ್ಲಿಯ ಕ್ರಮ ಹೀಗೆ. ಚಳಿಗಾಲದಲ್ಲೊಂದು ದಿನ ಬೆಳಕು ಹರಿಯುವಾಗ ಊರ ಯಜಮಾನ ನೊಕ್ಮಾ ಕಂಚಿನ ಜಾಗಟೆ ಬಾರಿಸುತ್ತಾನೆ. ಕೇಳಿದ್ದೇ ತಡ, ಮನೆಗೊಬ್ಬರಂತೆ ಬಿದಿರಿನ ಗೂಟ ಹಿಡಿದು, ಆ ವರ್ಷ ಕಡಿದು ಸುಟ್ಟು ಬಿತ್ತಬೇಕಾದ ಕಾಡಿಗೆ ಓಡಬೇಕು. ಮೊದಲು ಗೂಟ ನೆಟ್ಟವನಿಗೆ ಒಳ್ಳೆಯ ತುಂಡು, ಕೊನೆಗೆ ಕುಂಟುತ್ತ ಬಂದವನಿಗೆ ಉಳಿದ ಕಲ್ಲುಮುಳ್ಳು. ಆಮೇಲೆ ತನ್ನ ತುಂಡಿನಿಂದ ಒಂದು ಹೆಂಟೆ ಮಣ್ಣು ತಂದು ತಲೆಯಡಿ ಇಟ್ಟುಕೊಂಡು ಮಲಗಬೇಕು. ನೀರು, ಮೀನು, ಚಂದ್ರ ಕಂಡರೆ ತುಂಡು ತನ್ನದೇ. ಹಾವು, ರಕ್ತ, ಮುರಿದ ಕೊಂಬೆ, ಸತ್ತ ಅಜ್ಜ ಕಂಡರೆ ಅದನ್ನು ಕೊನೆಯಲ್ಲಿ ಬಂದವನಿಗೆ ಬಿಟ್ಟುಕೊಟ್ಟು, ಅವನ ಕಲ್ಲುಮುಳ್ಳನ್ನು ತಾನು ತೆಗೆದುಕೊಳ್ಳಬೇಕು. ಕನಸು ಒಳ್ಳೆಯದೋ ಕೆಟ್ಟದ್ದೋ ತೀರ್ಪು ಹೇಳುವವನು ಪೂಜಾರಿ ಬಾಲ್ದಿಂಗ್.

ಓಟದಲ್ಲಿ ಗಾಜಿಂಗನನ್ನು ಮೀರಿಸುವವರಿಲ್ಲ. ಅವನನ್ನು ಅಳಿಯನನ್ನಾಗಿ ಹಿಡಿದು ತಂದದ್ದೇ ಆ ಉದ್ದ ಕಾಲುಗಳಿಗಾಗಿ. ಹಿಡಿದು ತಂದದ್ದು ಎಂದರೆ ಹಿಡಿದೇ ತಂದದ್ದು. ಸೋದರಮಾವ ಕಾವಲು ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಮನೆಗೆ ಗಂಡಾಳು ಬೇಕೆಂದು ಮಾವನ ಕಡೆಯ ಹುಡುಗರು ಬಂದು ಗದ್ದಲ ಮಾಡಿ ಅವನನ್ನು ಹೊತ್ತುಕೊಂಡು ಹೋಗಿ ಮಾವನ ಮಗಳು ಸಿಲ್ಮೆಯ ಪಕ್ಕ ಕೂರಿಸಿದರು. ಮರ್ಯಾದಸ್ಥ ವರ ಎರಡು ಸಲವಾದರೂ ಓಡಿಹೋಗಬೇಕು, ಅವನೂ ಓಡಿದ. ಮೂರನೆಯ ಸಲ ಹಿಡಿದು ತಂದಾಗ ಸಿಲ್ಮೆ, "ಕಾಲು ನೋಯ್ತಿರಬೇಕು, ಕೂತ್ಕೋ," ಎಂದು ನಕ್ಕಳು. ಅವನು ಕೂತುಬಿಟ್ಟ. ಈಗ ಅವರಿಗೆ ಎರಡು ವರ್ಷದ ಮಗಳಿದ್ದಾಳೆ, ಅಪ್ಪನ ಎದೆ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ.

ಮೂರು ವರ್ಷವೂ ಗಾಜಿಂಗ್ ಎಲ್ಲರಿಗಿಂತ ಮೊದಲು ಓಡಿ ಒಳ್ಳೆಯ ತುಂಡಿನಲ್ಲಿ ಗೂಟ ನೆಟ್ಟ. ಮೂರು ವರ್ಷವೂ ಬೆಳಗ್ಗೆ ನೊಕ್ಮಾನ ಅಂಗಳದಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳಿದ. ಮೊದಲ ವರ್ಷ ಹಾವು. ಎರಡನೆಯ ವರ್ಷ ಸತ್ತ ಅಜ್ಜ, ಅದೂ ಉಪ್ಪು ಕೇಳಿಕೊಂಡು ಬಂದಿದ್ದ. ಮೂರನೆಯ ವರ್ಷ ಮುರಿದ ಕೊಂಬೆ, ಕೊಂಬೆಯ ಮೇಲೆ ತಾನೇ. ಹೀಗೆ ಅವನ ಮನೆಗೆ ಒಂದು ವರ್ಷ ಬಂಡೆ, ಒಂದು ವರ್ಷ ಬಿಸಿಲು ಬೀಳದ ಇಳಿಜಾರು, ಒಂದು ವರ್ಷ ಆನೆ ನಡೆಯುವ ದಾರಿ ಬಂತು. ಆನೆ ದಾರಿಯಲ್ಲಿ ಭತ್ತ ಚೆನ್ನಾಗಿಯೇ ಬೆಳೆಯಿತು, ಉಂಡದ್ದು ಆನೆಗಳು.

ಅತ್ತೆ ವಾಲ್ಜೆ ಈ ವರ್ಷ ಜಾಗಟೆಗೆ ಮೊದಲೇ ಮಾತು ಮುಗಿಸಿದ್ದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ. ಮೂರು ವರ್ಷದಿಂದ ಗೆಣಸು ತಿಂದೂ ತಿಂದೂ ನನ್ನ ಮುಖಾನೇ ಗೆಣಸಿನ ಹಾಗಾಗಿದೆ. ಈ ಸಲ ಹಳ್ಳದ ಮಗ್ಗುಲು ಕೈ ಬಿಟ್ಟುಹೋದ್ರೆ ನೀನು ನಿಮ್ಮಮ್ಮನ ಮನೆಗೆ ನಡಿ."

"ಮಾನಿ," ಎಂದ ಗಾಜಿಂಗ್. ಅಲ್ಲಿ ಅತ್ತೆಯನ್ನು ಹಾಗೇ ಕರೆಯುವುದು. "ಕನಸು ನನ್ನ ಕೈಲಿದೆಯಾ?"

"ಮತ್ತೆ ಯಾರ ಕೈಲಿದೆ, ನನ್ನ ಕೈಲಾ?"

ಉಪಕಾರಿ ಎಂದು ಯಾಕೆ ಬೈದಳು ಎಂಬುದು ಗಾಜಿಂಗನಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅಲ್ಲಿ ಮನೆ, ಹೊಲ, ಮಗು ಎಲ್ಲ ಹೆಣ್ಣಿನ ಕಡೆಯವು. ಹೊರಡು ಎಂದರೆ ಒಂದು ಮಚ್ಚು, ಒಂದು ಪಂಚೆ ಹಿಡಿದು ಹೊರಡಬೇಕು. ಸಿಲ್ಮೆ ಅಲ್ಲೇ ಉಳಿಯುತ್ತಾಳೆ, ಮಗಳು ಇನ್ನೊಬ್ಬನ ಎದೆಯ ಮೇಲೆ ಮಲಗುವುದನ್ನು ಕಲಿಯುತ್ತಾಳೆ.

ಜಾಗಟೆ ಬಡಿಯಿತು. ಗಾಜಿಂಗ್ ಓಡಿದ. ಹಳ್ಳದ ಮಗ್ಗುಲೆಂದರೆ ಇಪ್ಪತ್ತು ವರ್ಷ ಕತ್ತಿ ಕಾಣದ ಬಿದಿರು ಮೆಳೆ, ಸುಟ್ಟರೆ ಮೊಣಕಾಲುದ್ದ ಬೂದಿ. ಉಳಿದವರು ಇನ್ನೂ ಏರು ಹತ್ತುತ್ತಿರುವಾಗಲೇ ಅವನ ಗೂಟ ನೆಲದಲ್ಲಿತ್ತು. ಕೊನೆಯದಾಗಿ ಬಂದವಳು ವಿಧವೆ ರಿಮ್ಚಿ, ಬೆನ್ನಿಗೊಂದು ಮಗು, ಹಿಂದೆ ಎರಡು. ಗಂಡ ಹೋದ ಮೇಲೆ ಅವನ ಕಡೆಯವರು ಪದ್ಧತಿಯಂತೆ ಬದಲಿ ಗಂಡನೊಬ್ಬನನ್ನು ಕಳಿಸಿದ್ದರು. ಬಂದವನಿಗೆ ಬಾಯಲ್ಲಿ ಎರಡೇ ಹಲ್ಲು. "ಮೂರು ಮಕ್ಕಳಿಗೆ ಅನ್ನ ಕಲಸಿ ತಿನ್ನಿಸ್ತಿದ್ದೀನಿ, ನಾಲ್ಕನೇದು ಬೇಡ," ಎಂದು ರಿಮ್ಚಿ ಊಟ ಹಾಕಿ ವಾಪಸು ಕಳಿಸಿದಳು. ಅವಳ ಪಾಲಿಗೆ ಈ ಸಲ ಉಳಿದದ್ದು ಕಲ್ಲುಗುಡ್ಡೆ.

ಆ ಮಧ್ಯಾಹ್ನವೇ ಬಯಲುಸೀಮೆಯಿಂದ ಒಬ್ಬ ಬೇಸಾಯದ ಸಾಹೇಬ ಬಂದ, ಕಂಕುಳಲ್ಲಿ ಸುರುಳಿ ಸುತ್ತಿದ ಪಟ. ಅದನ್ನು ನೊಕ್ಮಾನ ಮನೆಯ ಗೋಡೆಗೆ ತೂಗುಹಾಕಿ, ಊರವರನ್ನು ಕೂರಿಸಿಕೊಂಡು, ಲೋಕದಲ್ಲಿ ಬೇಸಾಯ ಹೇಗೆ ಹುಟ್ಟಿತು, ಎಷ್ಟು ಬಗೆಯಾಯಿತು ಎಂದು ಹೇಳತೊಡಗಿದ. ಪಟದ ಮೂಲೆಯಲ್ಲಿ ಸೊಂಟಕ್ಕೆ ಎಲೆ ಸುತ್ತಿಕೊಂಡವನೊಬ್ಬ ಕಾಡಿಗೆ ಬೆಂಕಿ ಇಡುತ್ತಿದ್ದ. ಅವನ ಪಕ್ಕ ಕುರಿ ಕಾಯುವವನು, ಆಮೇಲೆ ಮೆಟ್ಟಿಲು ಗದ್ದೆ, ಕಾಲುವೆ ಗದ್ದೆ, ದ್ರಾಕ್ಷಿ ತೋಟ. ಕಟ್ಟಕಡೆಗೆ ಮನೆಯಷ್ಟು ದೊಡ್ಡ ಯಂತ್ರ, ಅದರೊಳಗೆ ಒಬ್ಬನೇ ಒಬ್ಬ ಮನುಷ್ಯ, ಸುತ್ತ ಕಣ್ಣು ಹರಿಯುವಷ್ಟು ಗೋಧಿ.

"ಬೇಸಾಯ ಶುರುವಾಗಿ ಹತ್ತು ಸಾವಿರ ವರ್ಷವಾಯಿತು," ಎಂದ ಸಾಹೇಬ. "ನೀವು ಇನ್ನೂ ಈ ಮೂಲೆಯಲ್ಲಿದ್ದೀರಿ. ಉಳಿದವರೆಲ್ಲ ಮುಂದೆ ಹೋದರು."

"ಹಾಗಾದ್ರೆ ಶುರು ಮಾಡಿದೋರು ನಾವು, ಮಿಕ್ಕೋರೆಲ್ಲ ನಮ್ಮ ಹತ್ರ ಕಲಿತರು," ಎಂದಳು ವಾಲ್ಜೆ. "ಕಲಿಸಿದೋರಿಗೆ ಒಂದು ಹಂದಿ ಕಳಿಸ್ಬೇಕು ಅನ್ನೋ ಬುದ್ಧಿ ಒಬ್ಬರಿಗೂ ಬರಲಿಲ್ವಲ್ಲ."

ಸಾಹೇಬ ಕೆಮ್ಮಿದ. ವಾಲ್ಜೆ ಎದ್ದು ಹೋಗಿ ಯಂತ್ರದವನನ್ನು ಹತ್ತಿರದಿಂದ ನೋಡಿದಳು.

"ಇಷ್ಟು ದೊಡ್ಡ ಹೊಲದಲ್ಲಿ ಇವನೊಬ್ಬನೇ ಇದ್ದಾನಲ್ಲ. ಹೆಂಡತಿ ಬಿಟ್ಟುಹೋದಳಾ?"

"ಯಂತ್ರ ಇದ್ದರೆ ಬೇರೆ ಯಾರೂ ಬೇಕಾಗಿಲ್ಲ," ಎಂದ ಸಾಹೇಬ.

"ಪಾಪ," ಎಂದಳು ವಾಲ್ಜೆ, ನಿಜವಾದ ಕನಿಕರದಿಂದ.

ಪೂಜಾರಿ ಬಾಲ್ದಿಂಗನಿಗೆ ತನ್ನ ಸರದಿ ಬಂತೆನ್ನಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇವನು ಅಂಥವನಲ್ಲ. ಅಕ್ಕಿಯ ಹೆಂಡ ಚೂ ಕುಡಿಸಿದರೆ ದೇವರು ಕೊಡದ್ದನ್ನೂ ಕೊಡುವವನು. "ಸಾಹೇಬರೇ, ನಿಮ್ಮ ಪಟದಲ್ಲಿ ಮೊದಲನೇದೇ ಬಿಟ್ಟುಹೋಗಿದೆ," ಎಂದ. "ಮೊದಲು ಮನುಷ್ಯ ಗೆಣಸು ಅಗೆದು ತಿನ್ತಿದ್ದ. ಒಂದಿನ ಸಾಲ್ಜೋಂಗ್ ದೇವರು ದಾರೀಲಿ ಹೋಗ್ತಾ ಒಬ್ಬ ಬಡವನ ಮನೆಗೆ ಬಂದ. ಬಡವನ ಹತ್ರ ಏನಿರುತ್ತೆ, ಮರದ ಅಂಟು ಸುಟ್ಟು ಹೊಗೆ ಹಾಕ್ದ. ದೇವರಿಗೆ ಅಷ್ಟಕ್ಕೇ ಸಂತೋಷ ಆಗಿ ಭತ್ತ ಕೊಟ್ಟ. ಅದಕ್ಕೇ ನಾವು ಇವತ್ತಿಗೂ ಹೊಗೆ ಹಾಕ್ದೆ ಬಿತ್ತಲ್ಲ. ಇನ್ನೊಂದು ವಿಷಯ, ಭತ್ತ ಕೊಟ್ಟಿದ್ದು ಅನ್ನಕ್ಕಲ್ಲ. ಅನ್ನ ಯಾರಿಗೆ ಬೇಕು, ಗೆಣಸಿತ್ತಲ್ಲ. ಕೊಟ್ಟಿದ್ದು ಚೂ ಮಾಡ್ಕೊಳ್ಳಿ ಅಂತ."

ಸಾಹೇಬನ ಮುಂದೆಯೂ ಒಂದು ಸೋರೆಬುರುಡೆ ಚೂ ಬಂದು ಕೂತಿತು. ಎರಡು ಗುಟುಕು ಇಳಿದ ಮೇಲೆ ಅವನು ಈ ವಾದದಲ್ಲಿ ತಿರುಳಿದೆ ಎಂದು ಒಪ್ಪಿಕೊಂಡು, ಹೊಲವನ್ನು ಹೇಗೆ ಆರಿಸುತ್ತೀರಿ, ಇಳಿಜಾರು ಅಳೆಯುತ್ತೀರಾ, ಮಣ್ಣು ಪರೀಕ್ಷೆ ಮಾಡುತ್ತೀರಾ ಎಂದು ಕೇಳಿದ.

"ಮಣ್ಣು ತಲೆಯಡಿ ಇಟ್ಕೊಂಡು ಮಲಗ್ತೀವಿ," ಎಂದ ಬಾಲ್ದಿಂಗ್. "ನಾಳೆ ಬೆಳಗ್ಗೆ ಬನ್ನಿ, ನೋಡುವಿರಂತೆ."

ಸಂಜೆ ಗಾಜಿಂಗ್ ಬಿದಿರು ಕೊಳವೆಗಳಲ್ಲಿ ನೀರು ತರಲು ಹಳ್ಳಕ್ಕೆ ಇಳಿದ. ಈ ರಾತ್ರಿ ಒಣಮೀನು ಬೇಡ, ಚೂ ಬೇಡ, ಎಡಮಗ್ಗುಲಲ್ಲಿ ಮಲಗಬೇಕು, ಅಜ್ಜ ಬಂದರೆ ಕಣ್ಣು ಬಿಟ್ಟುಬಿಡಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದ. ರಿಮ್ಚಿ ನೀರಿನಂಚಿನ ಕಲ್ಲಿಗೆ ಮಚ್ಚು ಮಸೆಯುತ್ತಿದ್ದಳು.

"ಏನು ಗಾಜಿಂಗ್, ಈ ವರ್ಷ ಏನು ಕಾಣೋದು ಅಂತ ತೀರ್ಮಾನ ಆಯ್ತಾ?" ಎಂದಳು. "ಅಜ್ಜನ್ನ ಮಾತ್ರ ಮತ್ತೆ ತರಬೇಡ. ಹೋದ ಸಲ ನಗು ತಡೆಯೋಕಾಗ್ದೆ ಸೆರಗು ಕಚ್ಕೊಂಡಿದ್ದೆ."

"ತೀರ್ಮಾನ ಮಾಡೋದೇನು ಅಬಿ, ಬಿದ್ದದ್ದು ಬೀಳುತ್ತೆ," ಎಂದ ಗಾಜಿಂಗ್. ಅಬಿ ಎಂದರೆ ಅಲ್ಲಿ ಅಕ್ಕ.

"ನನ್ನ ಹತ್ರಾನೂ ಬಿಂಕಾನಾ? ಮೊದಲ ವರ್ಷ ಕುಂಟ ಥೋಜಿಂಗನಿಗೆ ಬಿಟ್ಕೊಟ್ಟೆ. ಆಮೇಲೆ ಅವಳಿ ಮಕ್ಕಳಾದ ಮನೆಗೆ. ಹೋದ ವರ್ಷ ಬೆಂಕಿಯಲ್ಲಿ ಮನೆ ಕಳ್ಕೊಂಡೋರಿಗೆ. ಹೊರಗಿಂದ ಬಂದ ಅಳಿಯ ಇಷ್ಟು ಬೇಗ ಊರ ರೀತಿ ಕಲಿತನಲ್ಲ ಅಂತ ಎಲ್ಲರೂ ಹೊಗಳ್ತಾರೆ."

ಗಾಜಿಂಗ್ ಕೊಳವೆ ಕೆಳಗಿಟ್ಟ. "ಅಬಿ, ನನಗೆ ನಿಜವಾಗ್ಲೂ ಹಾವು ಕಂಡಿತ್ತು."

ರಿಮ್ಚಿ ಅವನ ಮುಖ ನೋಡಿದಳು. ಅಲ್ಲಿ ಸುಳ್ಳಿನ ಸುಳಿವು ಎಳ್ಳಷ್ಟೂ ಇರಲಿಲ್ಲ. ಆಮೇಲೆ ಅವಳು ನಕ್ಕ ನಗುವಿಗೆ ಮಚ್ಚು ನೀರಿಗೆ ಬಿತ್ತು, ಅವಳೇ ಕಲ್ಲಿನ ಮೇಲೆ ಕುಸಿದಳು.

"ಅಯ್ಯೋ ದೇವರೇ, ಇವನು ನಿಜವಾಗ್ಲೂ ಕನಸು ಕಾಣ್ತಾನೆ," ಎಂದಳು ಉಸಿರು ಬಂದ ಮೇಲೆ. "ದಿನವಿಡೀ ಬಿದಿರು ಕಡಿದು ಮಲಗೋರಿಗೆ ಎಲ್ಲಿಂದ ಕನಸು ಬೀಳುತ್ತೆ? ಕಾಲಿದ್ದೋನು ಮೊದಲು ಓಡ್ತಾನೆ. ಆಮೇಲೆ ಯಾರು ಕೊನೆಗೆ ಬಂದ್ರು ಅಂತ ಅವನಿಗೆ ಕಾಣುತ್ತಲ್ಲ. 'ತಗೋ' ಅಂತ ಕೊಟ್ರೆ ತಗೊಳ್ಳೋನಿಗೆ ಅವಮಾನ. 'ಕೊಡು' ಅಂತ ಕೇಳಿದ್ರೆ ಜಗಳ. ಅದಕ್ಕೇ ಹಾವು ಕಂಡೆ ಅನ್ನೋದು."

ಗಾಜಿಂಗ್ ಹಳ್ಳದ ದಂಡೆಯ ಮೇಲೆ ಹಾಗೇ ಕೂತ. ಮೂರು ವರ್ಷ ಊರೆಲ್ಲ ಅವನಿಗೆ ಹಂದಿಮಾಂಸದ ಒಳ್ಳೆಯ ತುಂಡು ತೆಗೆದು ಕೊಡುತ್ತಿದ್ದದ್ದು ಯಾಕೆ, ಅತ್ತೆ ಉಪಕಾರಿ ಎಂದು ಬೈದದ್ದು ಯಾಕೆ ಎಂದು ಈಗ ಒಟ್ಟಿಗೇ ತಿಳಿಯಿತು. ತನ್ನ ಮನೆಯ ಅನ್ನವನ್ನು ಬೇಕೆಂದೇ ಹಂಚಿ ಹೆಸರು ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದಾಳೆ ಅವಳು. ಕೆಟ್ಟ ಕನಸು ಬಿದ್ದದ್ದೂ ತನಗೆ, ಬೈಸಿಕೊಂಡದ್ದೂ ತಾನು, ದಾನಶೂರನಾದದ್ದೂ ತಾನೇ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ರಿಮ್ಚಿ ನೀರಿನಿಂದ ಮಚ್ಚು ತೆಗೆದು ಒರೆಸಿಕೊಂಡಳು. "ಯೋಚನೆ ಮಾಡ್ಬೇಡ. ಕಲ್ಲುಗುಡ್ಡೇಲಿ ಶುಂಠಿ ಬರುತ್ತೆ," ಎಂದು ಏರು ಹತ್ತಿ ಹೋದಳು. ಶುಂಠಿ ತಿಂದು ಮೂರು ಮಕ್ಕಳು ಬೆಳೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ರಾತ್ರಿ ಗಾಜಿಂಗನ ಜನ್ಮದಲ್ಲೇ ಮೊದಲ ಸಲ ಒಳ್ಳೆಯ ಕನಸು ಬಿತ್ತು. ಕೋಳಿ ಕೂಗುವಾಗ ಎದ್ದು ಕೂತು ಸಿಲ್ಮೆಯನ್ನು ಅಲುಗಾಡಿಸಿದ.

"ಚಂದ್ರ ಕಂಡ ಕಣೇ. ತುಂಬು ಚಂದ್ರ. ತಿಳಿನೀರು. ಮೀನು ಬುಟ್ಟಿಗೆ ತಾವೇ ಹಾರಿ ಬೀಳ್ತಿದ್ವು. ನಮ್ಮ ಹುಡುಗಿ ಬುಟ್ಟಿ ಹಿಡ್ಕೊಂಡು ನಿಂತಿದ್ದಳು."

ಸಿಲ್ಮೆ ಕಣ್ಣುಜ್ಜಿಕೊಂಡು ಅವನ ಕೊರಳು ತಬ್ಬಿಕೊಂಡಳು. ತಾನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಎಂದಳು. ಬಿದಿರು ತಟ್ಟಿಯ ಆಚೆ ಅತ್ತೆಯ ಕೆಮ್ಮು ಕೇಳಿಸಿತು. ಆ ಮನೆಯ ತಟ್ಟಿಗಳು ಗಾಳಿಯನ್ನೂ ತಡೆಯುವುದಿಲ್ಲ, ಮಾತನ್ನೂ ತಡೆಯುವುದಿಲ್ಲ.

ಅಂಗಳಕ್ಕೆ ಹೋಗುವಾಗ ಗಾಜಿಂಗನ ಕಾಲು ನೆಲದ ಮೇಲಿರಲಿಲ್ಲ. ಇಂದು ಸುಳ್ಳು ಹೇಳಬೇಕಾಗಿಲ್ಲ, ಮನೆ ಬಿಡಬೇಕಾಗಿಲ್ಲ, ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ಅಂಗಳದಲ್ಲಿ ಊರೆಲ್ಲ ಸೇರಿತ್ತು. ಸಾಹೇಬನೂ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಕೂತಿದ್ದ, ಚೂ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಒಬ್ಬೊಬ್ಬರೂ ಎದ್ದು ನೀರು ಕಂಡೆ, ಮೀನು ಕಂಡೆ ಎಂದು ಬಾಯಿಪಾಠ ಒಪ್ಪಿಸಿದರು. ಬಾಲ್ದಿಂಗ್ ಒಳ್ಳೆಯದು, ಒಳ್ಳೆಯದು ಎಂದು ತಲೆಯಾಡಿಸುತ್ತ ಹೋದ.

ಗಾಜಿಂಗ್ ಎದ್ದು ನಿಂತ. ಎಲ್ಲರ ಮುಖದಲ್ಲೂ ಹಬ್ಬದೂಟಕ್ಕೆ ಕೂತವರ ಒಂದು ನಗೆ, ಈ ವರ್ಷ ಇವನು ಏನು ಕಂಡನೋ ಎಂಬ ಕುತೂಹಲ. ಒಂದು ಬದಿಗೆ ಅತ್ತೆ ತುಟಿ ಬಿಗಿದು ಕೂತಿದ್ದಳು. ಇನ್ನೊಂದು ಬದಿಗೆ ರಿಮ್ಚಿ ಮಕ್ಕಳೊಂದಿಗೆ ನಿಂತಿದ್ದಳು. ಅವಳು ಅವನ ಕಡೆ ನೋಡುತ್ತಲೇ ಇರಲಿಲ್ಲ, ಬೇಕೆಂದೇ ಬೆಟ್ಟದ ಕಡೆ ನೋಡುತ್ತಿದ್ದಳು. ಅವಳ ದೊಡ್ಡ ಮಗಳು ಮಾತ್ರ ಬೆನ್ನಿಗೆ ಬುಟ್ಟಿ ಹಾಕಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದಳು.

ಅವನಿಗೆ ಚಂದ್ರ ನೆನಪಾದ. ಚಂದ್ರ ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು. ಮೂರು ವರ್ಷ ಕೊಡದೆಯೇ ಕೊಟ್ಟವನಾದೆ, ಇಂದು ನಿಜ ಹೇಳಿದರೆ ಕಸಿದುಕೊಂಡವನಾಗುತ್ತೇನೆ ಎಂದು ಹೊಳೆಯಿತು. ತನ್ನ ಮಗಳೂ ನೆನಪಾದಳು. ಬಾಯಿ ತೆರೆದಾಗ ಹೊರಬಂದದ್ದು ಬೇರೆಯೇ.

"ಹುಲಿ," ಎಂದ.

"ಹುಲಿ?" ಎಂದ ಬಾಲ್ದಿಂಗ್.

"ಹುಲಿ. ನಮ್ಮ ಗೂಟದ ಪಕ್ಕ ಕೂತಿತ್ತು. ಏನೋ ತಿನ್ತಾ ಇತ್ತು." ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಮುಂದುವರಿದ. "ಗೆಣಸು ತಿನ್ತಾ ಇತ್ತು."

ಯಾರೋ ಹಿಂದೆ ಮೂಗಿನಲ್ಲೇ ನಕ್ಕರು. ಸಾಹೇಬ ಕೈ ಎತ್ತಿ, "ಈ ಕಡೆ ಹುಲಿ ಇದೆಯಾ? ಯಾರಾದರೂ ನೋಡಿದ್ದೀರಾ?" ಎಂದು ಕೇಳಿದ. ಆ ಬೆಟ್ಟದಲ್ಲಿ ಹುಲಿ ಕಂಡವರು ಸತ್ತು ನಲವತ್ತು ವರ್ಷವಾಗಿತ್ತು.

"ಕನಸಿನಲ್ಲಿ ಕಂಡಿದ್ದಲ್ವಾ ಸಾಹೇಬರೇ," ಎಂದ ಬಾಲ್ದಿಂಗ್. "ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?" ಆಮೇಲೆ ಗಂಭೀರವಾಗಿ ಗಡ್ಡ ನೀವಿಕೊಂಡು, "ಬಹಳ ಕೆಟ್ಟದ್ದು. ಗೆಣಸು ತಿನ್ನೋ ಹುಲಿಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಹಳ್ಳದ ಮಗ್ಗುಲು ಬಿಡಬೇಕು," ಎಂದು ತೀರ್ಪು ಕೊಟ್ಟ.

ರಿಮ್ಚಿ ಆಗ ಬೆಟ್ಟದಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ನಗಲಿಲ್ಲ. ವಾಲ್ಜೆ ಎದ್ದು, ಯಾರ ಜೊತೆಯೂ ಮಾತಾಡದೆ ಅಂಗಳ ದಾಟಿ ಹೋದಳು.

ಗಾಜಿಂಗ್ ಮನೆಗೆ ಬಂದು ಪಂಚೆ ಹಾಸಿ, ಅದರಲ್ಲಿ ಅಂಗಿ ಇಟ್ಟು, ಮಚ್ಚು ಇಟ್ಟು ಗಂಟು ಕಟ್ಟಿದ. ಸಿಲ್ಮೆ ಕಂಬಕ್ಕೊರಗಿ ಅಳುತ್ತಿದ್ದಳು. ಮಗಳಿಗೆ ಇದೊಂದು ಆಟವೆನ್ನಿಸಿ, ಕಟ್ಟಿದ ಗಂಟನ್ನು ಬಿಚ್ಚುತ್ತಿದ್ದಳು. ಅವನು ಮತ್ತೆ ಕಟ್ಟಿದ, ಅವಳು ಮತ್ತೆ ಬಿಚ್ಚಿದಳು. ಅವನಿಗೂ ಅಳು ತಡೆಯಲಾಗಲಿಲ್ಲ. ಒಲೆಯ ಬಳಿ ಸೊಂಟ ಮುರಿದ ಮಾವ ಇದನ್ನೆಲ್ಲ ನೋಡುತ್ತ ಕೂತಿದ್ದ.

ವಾಲ್ಜೆ ಗೆಣಸಿನ ಬುಟ್ಟಿ ಹೊತ್ತು ಒಳಗೆ ಬಂದಳು. "ಎಲ್ಲಿಗೆ?"

"ಅಮ್ಮನ ಮನೆಗೆ. ನೀವೇ ಹೇಳಿದ್ರಲ್ಲ ಮಾನಿ."

"ಕಲ್ಲುಗುಡ್ಡೆ ಕಡಿಯೋಕೆ ನಿಮ್ಮಮ್ಮ ಬರ್ತಾಳಾ?"

ವಾಲ್ಜೆ ಬುಟ್ಟಿ ಇಳಿಸಿ ಅವನೆದುರು ಕುಕ್ಕುರುಗಾಲಲ್ಲಿ ಕೂತಳು.

"ಬೆಳಗ್ಗೆ ಹೆಂಡತಿ ಹತ್ರ ಹೇಳಿದ್ದು ಚಂದ್ರ. ನಾನು ತಟ್ಟಿ ಪಕ್ಕಾನೇ ಇದ್ದೆ. ಅಂಗಳಕ್ಕೆ ಹೋಗೋದರಲ್ಲಿ ಚಂದ್ರ ಹೇಗೆ ಹುಲಿಯಾಯ್ತು?"

"ತಪ್ಪಾಯ್ತು ಮಾನಿ."

"ತಪ್ಪು ಸರಿ ಆಮೇಲೆ. ಮೊದಲ ವರ್ಷ ಹಾವು ಕಂಡೆ ಅಂದ್ಯಲ್ಲ, ಅದು?"

"ಅದು ನಿಜವಾಗ್ಲೂ ಬಿತ್ತು."

"ಅಜ್ಜ?"

"ಅಜ್ಜನೂ."

"ಉಪ್ಪು ಕೇಳಿದ್ದು?"

"ಕೇಳ್ದ ಮಾನಿ. ನಾನು ಕೊಡೋ ಅಷ್ಟರಲ್ಲಿ ಎಚ್ಚರ ಆಯ್ತು."

ಒಲೆಯ ಬಳಿಯಿಂದ ಒಂದು ಸದ್ದು ಬಂತು. ಮಾವ ನಗುತ್ತಿದ್ದ. ಸೊಂಟ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. "ಮೂರು ವರ್ಷ ನಿಜ ಹೇಳಿದ್ದಕ್ಕೆ ಇವಳು ನಿನ್ನ ಬೈದಳು," ಎಂದ. "ಇವತ್ತು ಸುಳ್ಳು ಹೇಳಿ ಬೈಸ್ಕೊಳ್ಳೋಕೆ ಗಂಟು ಕಟ್ಕೊಂಡು ಕೂತಿದ್ದೀಯ." ನಗು ನಿಂತ ಮೇಲೆ ಅವನು ಹೆಂಡತಿಯ ಕಡೆ ತಿರುಗಿದ. "ನಾನು ಬಿದ್ದ ವರ್ಷ ನಮಗೆ ಒಳ್ಳೆ ತುಂಡು ಹೇಗೆ ಬಂತು, ಅವನಿಗೆ ಹೇಳು."

ವಾಲ್ಜೆ ಬುಟ್ಟಿಯಿಂದ ಒಂದು ಗೆಣಸು ತೆಗೆದು ಅದರ ಮಣ್ಣು ಉಜ್ಜಿದಳು.

"ಆ ವರ್ಷ ಗೂಟ ಹಿಡ್ಕೊಂಡು ನಾನೇ ಓಡಿದ್ದೆ," ಎಂದಳು. "ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ಮಾರನೇ ಬೆಳಗ್ಗೆ ರಿಮ್ಚಿ ಗಂಡ ಎದ್ದು ನಿಂತು ಹುಲಿ ಕಂಡೆ ಅಂದ." ಅವಳ ದನಿ ಒಡೆಯಿತು, ಅದನ್ನು ಮುಚ್ಚಿಕೊಳ್ಳಲು ಬೈದಳು. "ಈ ಊರ ಗಂಡಸರಿಗೆ ಹುಲಿ ಬಿಟ್ರೆ ಬೇರೆ ಪ್ರಾಣೀನೇ ಗೊತ್ತಿಲ್ಲ. ಅವನು ಸತ್ತ. ಅವನ ಮಕ್ಕಳು ಕಲ್ಲುಗುಡ್ಡೆಗೆ ಹೊರಟು ನಿಂತಿದ್ರು. ಹುಲಿ ಕಾಣು ಅಂತ ನಾನೇ ನಿನಗೆ ಹೇಳ್ಬೇಕಿತ್ತು. ಗೆಣಸು ತಿಂದು ಸಾಕಾಗಿತ್ತು, ಬಾಯಿ ಬರಲಿಲ್ಲ."

ಅತ್ತೆ ಅಳುವುದನ್ನು ಗಾಜಿಂಗ್ ಎಂದೂ ನೋಡಿರಲಿಲ್ಲ. ನೋಡಬಾರದ್ದನ್ನು ನೋಡಿದಂತಾಗಿ ತಲೆ ತಗ್ಗಿಸಿದ. ಅಷ್ಟರಲ್ಲಿ ಮಗಳು ಗಂಟನ್ನು ಪೂರ್ತಿ ಬಿಚ್ಚಿ, ಅಂಗಿಯನ್ನು ತಲೆಗೆ ಹಾಕಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ವಾಲ್ಜೆ ಎದ್ದು ಮೂಲೆಯಲ್ಲಿದ್ದ ಹೊಸ ಚೂ ಮಡಕೆಯ ಬಾಯಿ ಬಿಚ್ಚಿದಳು. ಮೊದಲ ಬುರುಡೆ ಯಾವತ್ತೂ ಮನೆಯ ಹಿರಿಯನಿಗೆ. ಅವಳು ಗಂಡನನ್ನು ದಾಟಿ ಬಂದು ಅದನ್ನು ಅಳಿಯನ ಕೈಗೆ ಕೊಟ್ಟಳು. ಗಾಜಿಂಗ್ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮುಂದಿನ ವರ್ಷ ಎದ್ದ ತಕ್ಷಣ ಹೆಂಡತಿಗಲ್ಲ, ಮೊದಲು ನನಗೆ ಬಂದು ಹೇಳು," ಎಂದಳು ವಾಲ್ಜೆ. "ನಿನಗೆ ಏನು ಕನಸು ಬಿತ್ತು ಅಂತ ನಾನು ಹೇಳ್ತೀನಿ."